ಕೆಂಪು ಗೆರೆ ದಾಟಿದ ಪ್ರೊಪೆಲ್ಲರ್

ಬೆಂಗಳೂರಿನಿಂದ ಹುಬ್ಬಳ್ಳಿ, ಮೈಸೂರು, ಶಿವಮೊಗ್ಗದಂಥ ಊರುಗಳಿಗೆ ಎಟಿಆರ್ ವಿಮಾನಗಳು ಹಾರತೊಡಗಿದ ಮೇಲೆ ಓದುಗರ ಪತ್ರಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿವೆ. ಮೊದಲನೆಯದು: ವಿಮಾನ ಮೇಲೇರಿದ ಕೆಲವೇ ನಿಮಿಷಕ್ಕೆ ಪ್ರೊಪೆಲ್ಲರ್ ಸದ್ದು ಇದ್ದಕ್ಕಿದ್ದಂತೆ ಇಳಿಯುತ್ತದಲ್ಲ, ಎಂಜಿನ್ ಏನಾದರೂ ಕೈಕೊಟ್ಟಿತೇ? ಎರಡನೆಯದು ಇದರ ತಿರುವುಮುರುವು: ಅಷ್ಟು ಜೋರಾಗಿ ತಿರುಗುವ ಪ್ರೊಪೆಲ್ಲರ್ ಇನ್ನೂ ಜೋರಾಗಿ, ಮಿತಿ ಮೀರಿ ತಿರುಗಿಬಿಟ್ಟರೆ ಏನಾಗುತ್ತದೆ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎಟಿಆರ್ 72 ನೆಲ ಬಿಡುವಾಗ ಅದರ ಪ್ರೊಪೆಲ್ಲರ್ ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಪೈಲಟ್ ಅದನ್ನು ಶೇ. 82ಕ್ಕೆ, ಅಂದರೆ 984 ಸುತ್ತಿಗೆ ಇಳಿಸುತ್ತಾರೆ. ಸದ್ದು ಬದಲಾಗುವುದು ಅದಕ್ಕೆ. ಎಂಜಿನ್‌ಗೆ ಏನೂ ಆಗಿರುವುದಿಲ್ಲ, ನೆಮ್ಮದಿಯಾಗಿ ಕೂತಿರಬಹುದು. ಎರಡನೆಯ ಪ್ರಶ್ನೆ ಅಷ್ಟು ಸಲೀಸಾದುದಲ್ಲ. ವಿಮಾನದ ಕೆಲಸದಲ್ಲಿ ಇದ್ದವರು ಅದನ್ನು ‘ಓವರ್‌ಸ್ಪೀಡ್’ ಎನ್ನುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಕೆಲಕಾಲ ವಿಮಾನ ದುರಸ್ತಿಯ ಕಾರ್ಯಾಗಾರವೊಂದರಲ್ಲಿ ಕೆಲಸ ಮಾಡಿದವನು ನಾನು. ಅಲ್ಲಿ ಈ ಮಾತು ಬಂದರೆ ಹಿರಿಯರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಎಷ್ಟು ಸುತ್ತು, ಎಷ್ಟು ಸೆಕೆಂಡು, ಈ ಎರಡು ಅಂಕಿ ಸಿಗುವ ತನಕ ಆ ವಿಮಾನವನ್ನು ಯಾರೂ ಮುಟ್ಟುವಂತಿರಲಿಲ್ಲ.

ಯಾಕೆ ಅಷ್ಟು ಎಚ್ಚರ ಎಂಬುದು ಸ್ವಲ್ಪ ಲೆಕ್ಕ ಹಾಕಿದರೆ ತಿಳಿಯುತ್ತದೆ. ಪೈಲಟ್ ತರಬೇತಿ ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸೆಸ್ನಾ 172 ಎಂಬ ಪುಟ್ಟ ವಿಮಾನವನ್ನೇ ತೆಗೆದುಕೊಳ್ಳಿ. ಅದರ ಎರಡು ಅಲಗಿನ ಪ್ರೊಪೆಲ್ಲರ್‌ನ ಅಡ್ಡಳತೆ ಸುಮಾರು 1.93 ಮೀಟರ್. ಗರಿಷ್ಠ ವೇಗ ನಿಮಿಷಕ್ಕೆ 2700 ಸುತ್ತು, ಸೆಕೆಂಡಿಗೆ 45. ವಿಮಾನ ಗಂಟೆಗೆ 200 ಕಿಲೋಮೀಟರ್ ಆಸುಪಾಸಿನಲ್ಲಿ ಹಾರುತ್ತಿದ್ದರೂ ಅಲಗಿನ ತುದಿ ಮಾತ್ರ ಗಂಟೆಗೆ ಸುಮಾರು 980 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ಆ ತುದಿಯಲ್ಲಿರುವ ಒಂದೇ ಒಂದು ಗ್ರಾಂ ಲೋಹ ಹೊರಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ 8 ಕಿಲೋ ತೂಕಕ್ಕೆ ಸಮ. ಇಡೀ ಅಲಗಿನ ಎಳೆತ ಸೇರಿಸಿದರೆ ಟನ್‌ಗಟ್ಟಲೆ ಆಗುತ್ತದೆ. ಪ್ರತಿ ಹಾರಾಟದಲ್ಲೂ ಪ್ರತಿ ಸುತ್ತಿನಲ್ಲೂ ಈ ಎಳೆತವನ್ನು ತಡೆದು ಹಿಡಿಯುವುದು ನಡುವಿನ ಗುಂಬ ಮತ್ತು ಅಲಗಿನ ಬುಡ.

ಈಗ ವೇಗ ಮಿತಿಗಿಂತ ಶೇ. 10ರಷ್ಟು ಹೆಚ್ಚಾಯಿತು ಎನ್ನಿ. ಎಳೆತವೂ ಶೇ. 10ರಷ್ಟು ಹೆಚ್ಚಿತು ಎಂದು ಮನಸ್ಸು ಹೇಳುತ್ತದೆ. ಆದರೆ ಕೇಂದ್ರಾಪಗಾಮಿ ಬಲ ಸುತ್ತುವ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ವೇಗ ಶೇ. 10 ಏರಿದರೆ ಎಳೆತ ಶೇ. 21 ಏರುತ್ತದೆ, ವೇಗ ಶೇ. 20 ಏರಿದರೆ ಎಳೆತ ಶೇ. 44. ಎಳೆತ ಎರಡು ಪಟ್ಟಾಗಲು ವೇಗ ಎರಡು ಪಟ್ಟಾಗಬೇಕಿಲ್ಲ, ಶೇ. 41 ಹೆಚ್ಚಾದರೆ ಸಾಕು. ಈ ಕೊನೆಯ ಅಂಕಿಯನ್ನು ನೆನಪಿಡಿ. ಹೊಸ ಪ್ರೊಪೆಲ್ಲರ್‌ಗೆ ಒಪ್ಪಿಗೆ ಕೊಡುವ ಮುನ್ನ ಅಮೆರಿಕದ ವಿಮಾನಯಾನ ನಿಯಮ ಬೇಡುವ ಪರೀಕ್ಷೆಯೊಂದಿದೆ: ಗರಿಷ್ಠ ಕೇಂದ್ರಾಪಗಾಮಿ ಹೊರೆಯ ಎರಡು ಪಟ್ಟನ್ನು ಗುಂಬ ಮತ್ತು ಅಲಗಿನ ಹಿಡಿತ ಒಂದು ಗಂಟೆ ಕಾಲ ತಾಳಬೇಕು. ಎರಡು ಪಟ್ಟು ಎಂದಾಗ ತುಂಬ ದೊಡ್ಡ ರಕ್ಷಣೆ ಎನಿಸುತ್ತದೆ. ಸುತ್ತಿನ ಲೆಕ್ಕಕ್ಕೆ ಇಳಿಸಿದರೆ ಅದು ಮಿತಿಯ ಮೇಲೆ ಶೇ. 41 ಮಾತ್ರ. ಪ್ರೊಪೆಲ್ಲರ್ ಹತೋಟಿ ತಪ್ಪಿದಾಗ ಆ ಅಂತರ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ.

ಎಂಜಿನ್ ಒಳಗೂ ಇದೇ ವರ್ಗದ ಲೆಕ್ಕ. ಪಿಸ್ಟನ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಹೋಗಿ ನಿಂತು ಕೆಳಕ್ಕೆ ತಿರುಗುವಾಗ ಅದನ್ನು ಎಳೆದು ತರುವ ಕನೆಕ್ಟಿಂಗ್ ರಾಡ್ ಮೇಲೆ, ಅದರ ಬೋಲ್ಟ್‌ಗಳ ಮೇಲೆ ಬೀಳುವ ಸೆಳೆತ ವೇಗದ ವರ್ಗದಂತೆ ಏರುತ್ತದೆ. ವಾಲ್ವ್ ಸ್ಪ್ರಿಂಗ್‌ಗಳು ಮುಚ್ಚುವ ಹೊತ್ತಿಗೆ ಮುಚ್ಚಲಾರದೆ ಹಿಂದೆ ಬೀಳುತ್ತವೆ. ಲೈಕಮಿಂಗ್ ಕಂಪನಿ ತನ್ನ ಪಿಸ್ಟನ್ ಎಂಜಿನ್‌ಗಳಿಗೆ ‘ಕ್ಷಣಿಕ ಓವರ್‌ಸ್ಪೀಡ್’ ಎಂದು ಒಪ್ಪುವುದು ಮಿತಿಯ ಮೇಲೆ ಶೇ. 10, ಅದೂ ಮೂರು ಸೆಕೆಂಡು ಮೀರದಂತೆ. 2700 ಸುತ್ತಿನ ಎಂಜಿನ್‌ಗೆ ಅದು 2970. ಅದರಾಚೆ ಹೋದ ಎಂಜಿನ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಬಿಚ್ಚಿ ನೋಡದೆ ನಂಬುವಂತಿಲ್ಲ.

ಪ್ರೊಪೆಲ್ಲರ್ ಮಿತಿ ಮೀರುವುದು ಎಂಜಿನ್ ಅತಿಯಾಗಿ ಶಕ್ತಿ ಕೊಟ್ಟಾಗ ಎಂದು ಹೆಚ್ಚಿನವರ ನಂಬಿಕೆ. ಬಹುಪಾಲು ಘಟನೆಗಳಲ್ಲಿ ನಡೆಯುವುದು ಬೇರೆಯೇ. ಅಲಗು ಗಾಳಿಯನ್ನು ಎಷ್ಟು ಓರೆಯಾಗಿ ಕಚ್ಚುತ್ತದೆ ಎಂಬುದಕ್ಕೆ ಪಿಚ್ ಎನ್ನುತ್ತಾರೆ. ಹೆಚ್ಚು ಓರೆ ಇದ್ದರೆ ಹೆಚ್ಚು ಗಾಳಿ ಕಚ್ಚುತ್ತದೆ, ತಿರುಗಲು ಹೆಚ್ಚು ಕಷ್ಟಪಡಬೇಕಾಗುತ್ತದೆ. ಓರೆ ಕಡಿಮೆಯಾಗಿ ಅಲಗು ಚಪ್ಪಟೆಯಾದರೆ ಕಚ್ಚುವುದಕ್ಕೆ ಏನೂ ಇಲ್ಲದೆ ಸರಾಗವಾಗಿ ತಿರುಗುತ್ತದೆ. ವಿಮಾನ ವೇಗವಾಗಿ ಮುಂದಕ್ಕೆ ಹೋಗುತ್ತಿರುವಾಗ ಅಲಗು ಹೀಗೆ ಚಪ್ಪಟೆಯಾದರೆ ಪಾತ್ರಗಳು ಅದಲುಬದಲಾಗುತ್ತವೆ: ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುವ ಬದಲು ಎದುರಿನ ಗಾಳಿಯೇ ಪ್ರೊಪೆಲ್ಲರನ್ನು ತಿರುಗಿಸುತ್ತದೆ, ಪ್ರೊಪೆಲ್ಲರ್ ಎಂಜಿನನ್ನು ತಿರುಗಿಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ವಿದ್ಯುತ್ ಮಾಡುವುದು ಇದೇ ತತ್ವದಿಂದ. ಬಿರುಗಾಳಿ ಬಂದಾಗ ಅವೂ ಅಲಗನ್ನು ಗಾಳಿಗೆ ಅಂಚು ಕೊಟ್ಟು ತಿರುಗಿಸಿಕೊಂಡು ನಿಲ್ಲುತ್ತವೆ. ಓವರ್‌ಸ್ಪೀಡ್ ಭಯ ಅವಕ್ಕೂ ಇದೆ.

ಪಿಚ್ಚನ್ನು ಹದದಲ್ಲಿಡುವ ಕೆಲಸ ಗವರ್ನರ್ ಎಂಬ ಪುಟ್ಟ ಯಂತ್ರದ್ದು. ನನ್ನ ಮಟ್ಟಿಗೆ ವಿಮಾನದಲ್ಲಿ ಇದಕ್ಕಿಂತ ಚೆಂದದ ಸಲಕರಣೆ ಇನ್ನೊಂದಿಲ್ಲ. ಅದರೊಳಗೆ ಎಂಜಿನ್ ಜೊತೆಗೇ ಸುತ್ತುವ ಎರಡು ಪುಟ್ಟ ತೂಕಗಳು, ಅವುಗಳನ್ನು ಒಳಕ್ಕೆ ಒತ್ತಿ ಹಿಡಿಯುವ ಒಂದು ಸ್ಪ್ರಿಂಗ್. ವೇಗ ಏರಿದರೆ ತೂಕಗಳು ಹೊರಕ್ಕೆ ಸಿಡಿದು ಸ್ಪ್ರಿಂಗನ್ನು ಗೆಲ್ಲುತ್ತವೆ, ಕವಾಟ ಸರಿಯುತ್ತದೆ, ಆಯಿಲ್ ಹರಿದು ಅಲಗಿನ ಓರೆ ಹೆಚ್ಚುತ್ತದೆ, ಪ್ರೊಪೆಲ್ಲರ್ ನಿಧಾನಿಸುತ್ತದೆ. ವೇಗ ಇಳಿದರೆ ಇದೆಲ್ಲ ಹಿಂದುಮುಂದಾಗಿ ನಡೆಯುತ್ತದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಕೂರಿಸಿದ ಗವರ್ನರ್‌ನ ವಂಶವೇ ಇದು. ಇದನ್ನು ಬಿಚ್ಚಿ, ತೊಳೆದು, ಜೋಡಿಸಿ, ಪರೀಕ್ಷೆಯ ಮೇಜಿನ ಮೇಲೆ ತಿರುಗಿಸಿ ನೋಡುವಾಗ ಆಗುತ್ತಿದ್ದ ಸಂತೋಷ ನನಗೆ ಇವತ್ತಿಗೂ ನೆನಪಿದೆ. ಆದರೆ ಈ ಗವರ್ನರ್ ಪೂರ್ತಿ ಆಯಿಲನ್ನೇ ನಂಬಿದೆ. ಆಯಿಲ್ ತಣ್ಣಗಾಗಿ ಗಟ್ಟಿಯಾಗಿದ್ದಾಗ ಪೈಲಟ್ ಎಂಜಿನ್ ಶಕ್ತಿ ಏರಿಸುವ ಥ್ರಾಟಲನ್ನು ಒಮ್ಮೆಲೇ ನೂಕಿದರೆ ಗವರ್ನರ್ ಎಚ್ಚೆತ್ತುಕೊಳ್ಳುವುದರೊಳಗೆ ಸುತ್ತಿನ ವೇಗ ತೋರಿಸುವ ಮುಳ್ಳು ಮಿತಿಯ ಕೆಂಪು ಗೆರೆ ದಾಟಿರುತ್ತದೆ. ಆಯಿಲ್ ಒತ್ತಡವೇ ಹೋದರೆ ಒಂದೇ ಎಂಜಿನ್‌ನ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಅಲಗು ಚಪ್ಪಟೆ ಕಡೆಗೇ ಹೊರಳುತ್ತದೆ. ಆಗ ಪೈಲಟ್ ಮಾಡಬೇಕಾದ್ದು ಎರಡೇ: ಥ್ರಾಟಲ್ ಹಿಂದೆಳೆಯಬೇಕು, ಮೂಗು ಮೇಲೆತ್ತಿ ವಿಮಾನದ ವೇಗ ತಗ್ಗಿಸಬೇಕು. ಎರಡು ಎಂಜಿನ್ ಇರುವ ವಿಮಾನಗಳಲ್ಲಿ ಆಯಿಲ್ ಹೋದರೆ ಅಲಗು ಗಾಳಿಗೆ ಅಂಚು ಕೊಟ್ಟು ನಿಲ್ಲುವ ಹಾಗೆ ಕಟ್ಟಿರುತ್ತಾರೆ. ಹಾಗೆ ನಿಲ್ಲಿಸುವುದಕ್ಕೆ ‘ಫೆದರ್’ ಮಾಡುವುದು ಎಂದು ಹೆಸರು.

ಫೆದರ್ ಆಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 1956ರ ಅಕ್ಟೋಬರ್ ತಿಂಗಳ ಒಂದು ರಾತ್ರಿಯ ಕಥೆ ಹೇಳಲೇಬೇಕು. ಪ್ಯಾನ್ ಆ್ಯಮ್ ಕಂಪನಿಯ ಬೋಯಿಂಗ್ 377 ಸ್ಟ್ರಾಟೊಕ್ರೂಸರ್ ವಿಮಾನ ಹೊನಲುಲುವಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿತ್ತು. ಕ್ಯಾಪ್ಟನ್ ರಿಚರ್ಡ್ ಆಗ್ ಮತ್ತು ಇನ್ನೂ ಆರು ಸಿಬ್ಬಂದಿ, 24 ಪ್ರಯಾಣಿಕರು, ಒಟ್ಟು 31 ಜನ. ನಾಲ್ಕು ಎಂಜಿನ್, ಒಂದೊಂದಕ್ಕೂ 28 ಸಿಲಿಂಡರ್. ಪೆಸಿಫಿಕ್ ಸಾಗರದ ನಟ್ಟನಡುವೆ, ಎತ್ತರ ಏರಿದ ಮೇಲೆ ಶಕ್ತಿ ತಗ್ಗಿಸುವ ಹೊತ್ತಿಗೆ ಒಂದನೇ ಎಂಜಿನ್‌ನ ಪ್ರೊಪೆಲ್ಲರ್ ಹತೋಟಿ ತಪ್ಪಿ ಓಡತೊಡಗಿತು. ಫೆದರ್ ಗುಂಡಿ ಒತ್ತಿದರೆ ಫೆದರ್ ಆಗಲಿಲ್ಲ. ಇದೇ ಜಾತಿಯ ವಿಮಾನಗಳಲ್ಲಿ ಪ್ರೊಪೆಲ್ಲರ್ ತೊಂದರೆಯಿಂದ ಎಂಜಿನ್ನೇ ಕಿತ್ತು ಬಿದ್ದು ಜನ ಸತ್ತಿದ್ದು ಕ್ಯಾಪ್ಟನ್‌ಗೆ ಗೊತ್ತಿತ್ತು. ಅವರು ಕಠಿಣವಾದ ತೀರ್ಮಾನ ಮಾಡಿದರು: ಆ ಎಂಜಿನ್‌ಗೆ ಹೋಗುವ ಆಯಿಲನ್ನೇ ಕಡಿದು ಅದು ಬಿಗಿದು ನಿಲ್ಲುವಂತೆ ಮಾಡಿದರು. ಎಂಜಿನ್ ನಿಂತಿತು. ಪ್ರೊಪೆಲ್ಲರ್ ಮಾತ್ರ ಅದರಿಂದ ಬಿಡಿಸಿಕೊಂಡು ಗಾಳಿಗೆ ತಿರುಗುತ್ತಲೇ ಹೋಯಿತು.

ಹೀಗೆ ಬಿಡುಬೀಸಾಗಿ ತಿರುಗುವ ಪ್ರೊಪೆಲ್ಲರ್ ಮುರಿದು ಹಾರದಿದ್ದರೂ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ಸ್ಟ್ರಾಟೊಕ್ರೂಸರ್‌ಗೆ ಆದದ್ದೂ ಅದೇ. ವೇಗ ಬಿತ್ತು, ಎತ್ತರ ಇಳಿಯಿತು, ಉಳಿದ ಎಂಜಿನ್‌ಗಳು ಹೆಚ್ಚು ದುಡಿಯಬೇಕಾಗಿ ಬಂದು ಇಂಧನ ಬೇಗ ಖರ್ಚಾಗತೊಡಗಿತು. ಸ್ವಲ್ಪ ಹೊತ್ತಿಗೆ ನಾಲ್ಕನೇ ಎಂಜಿನ್ ಕೂಡ ಸೋತಿತು. ಮುಂದೆ ಹೋಗುವಂತಿಲ್ಲ, ಹಿಂದಿರುಗುವಂತಿಲ್ಲ. ಹವಾಯಿ ಮತ್ತು ಕ್ಯಾಲಿಫೋರ್ನಿಯ ನಡುವೆ ‘ಸ್ಟೇಷನ್ ನವೆಂಬರ್’ ಎಂಬ ಗೊತ್ತಾದ ಜಾಗದಲ್ಲಿ ಅಮೆರಿಕದ ಕರಾವಳಿ ಪಡೆಯ ಪಾಂಚಾರ್‌ಟ್ರೇನ್ ಎಂಬ ಹಡಗು ಕಾಯುತ್ತಿತ್ತು. ಕ್ಯಾಪ್ಟನ್ ಆಗ್ ಕತ್ತಲಲ್ಲಿ ನೀರಿಗಿಳಿಯಲು ಆತುರಪಡಲಿಲ್ಲ. ಎರಡೇ ಎಂಜಿನ್ ಮೇಲೆ ಬೆಳಗಿನ ತನಕ ಆ ಹಡಗನ್ನು ಸುತ್ತು ಹಾಕುತ್ತಲೇ ಇದ್ದರು. ಹಿಂದಿನ ವರ್ಷ ಇದೇ ಬಗೆಯ ವಿಮಾನ ನೀರಿಗಿಳಿದಾಗ ಬಾಲ ಮುರಿದದ್ದು ನೆನಪಿದ್ದುದರಿಂದ ಪ್ರಯಾಣಿಕರನ್ನು ಹಿಂಭಾಗದಿಂದ ಎಬ್ಬಿಸಿ ಮುಂದೆ ಕೂರಿಸಿದರು. ಹಡಗಿನವರು ನೀರಿನ ಮೇಲೆ ನೊರೆ ಚೆಲ್ಲಿ ಇಳಿಯುವ ದಾರಿ ಗುರುತು ಮಾಡಿಕೊಟ್ಟರು. ಬೆಳಕು ಹರಿದ ಮೇಲೆ ವಿಮಾನ ನೀರಿಗೆ ಬಡಿಯಿತು. ಅವರೆಣಿಸಿದಂತೆ ಬಾಲ ಮುರಿಯಿತು. 31 ಜನರೂ ಬದುಕಿದರು. ಸರಕಿನ ಕೋಣೆಯಲ್ಲಿದ್ದ ಕ್ಯಾನರಿ ಹಕ್ಕಿಗಳು ಮಾತ್ರ ವಿಮಾನದ ಜೊತೆ ಮುಳುಗಿದವು. ಈ ಪ್ರಸಂಗವನ್ನು ಜನ ಪೈಲಟ್ಟಿನ ಜಾಣತನದ ಕಥೆಯಾಗಿ ಹೇಳುತ್ತಾರೆ. ಜಾಣತನ ನಿಜ. ಆದರೆ ಬೆಳಗಾಗಲು ಇನ್ನೂ ಎರಡು ಗಂಟೆ ಹೆಚ್ಚು ಬೇಕಿದ್ದು ಇಂಧನ ಸಾಲದೆ ಹೋಗಿದ್ದರೆ? ಆ ಜಾಗದಲ್ಲಿ ಹಡಗೇ ಇಲ್ಲದಿದ್ದರೆ? ಪ್ರೊಪೆಲ್ಲರ್ ಹತೋಟಿ ತಪ್ಪಿದ ಮೇಲೆ ಉಳಿಯುವುದು ಇಂಥ ‘ಇದ್ದರೆ’ಗಳು ಮಾತ್ರ.

ಪಪುವಾ ನ್ಯೂಗಿನಿಯಲ್ಲಿ ನಡೆದ ಇನ್ನೊಂದು ಘಟನೆಯಲ್ಲಿ ಅಂಥ ಹಡಗು ಇರಲಿಲ್ಲ. 2011ರ ಅಕ್ಟೋಬರ್ 13ರಂದು ಅಲ್ಲಿನ ಲೇ ಪಟ್ಟಣದಿಂದ ಮಡಾಂಗ್‌ಗೆ ಹೊರಟಿದ್ದ ಡ್ಯಾಶ್ 8 ವಿಮಾನದಲ್ಲಿ 32 ಜನರಿದ್ದರು. ಅನೇಕರು ಮಡಾಂಗ್‌ನ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸುತ್ತಿದ್ದ ಮಕ್ಕಳ ಸಮಾರಂಭಕ್ಕೆ ಹೊರಟ ತಂದೆತಾಯಿಗಳು. ಕೆಳಗಿಳಿಯುವಾಗ ವಿಮಾನದ ವೇಗ ಮಿತಿಯತ್ತ ಏರುತ್ತಿತ್ತು. ಪೈಲಟ್ ಪವರ್ ಲಿವರ್‌ಗಳನ್ನು ಹಿಂದಕ್ಕೆಳೆದರು. ಅಲ್ಲೊಂದು ತಡೆ ಇದೆ. ಆಕಾಶದಲ್ಲಿ ಲಿವರ್ ಎಷ್ಟು ಹಿಂದೆ ಬರಬಹುದೋ ಅಲ್ಲಿಗೆ ಅದು ನಿಲ್ಲುತ್ತದೆ. ಅದರಾಚೆ ಇರುವುದು ‘ಬೀಟಾ’ ಎಂಬ ವಲಯ. ನೆಲಕ್ಕಿಳಿದ ಮೇಲೆ ಅಲಗನ್ನು ಚಪ್ಪಟೆ ಮಾಡಿ ವಿಮಾನವನ್ನು ಬೇಗ ನಿಲ್ಲಿಸಲಿಕ್ಕೆ, ಹಿಂದಕ್ಕೆ ನೂಕಲಿಕ್ಕೆ ಇರುವ ಜಾಗ ಅದು. ಬೆರಳಿನಿಂದ ಎತ್ತುವ ಎರಡು ಕೊಂಡಿಗಳು ತಡೆಯನ್ನು ಬಿಡಿಸುತ್ತವೆ. ಆ ದಿನ ಲಿವರ್‌ಗಳು ಆ ತಡೆಯನ್ನೂ ದಾಟಿ ಬೀಟಾಕ್ಕೆ ಹೋದವು. ವೇಗವಾಗಿ ಇಳಿಯುತ್ತಿದ್ದ ವಿಮಾನದ ಎದುರುಗಾಳಿಗೆ ಎರಡೂ ಪ್ರೊಪೆಲ್ಲರ್‌ಗಳ ಅಲಗು ಚಪ್ಪಟೆಯಾಗಿ ಸಿಕ್ಕವು. ಎರಡೂ ಒಟ್ಟಿಗೇ ಮಿತಿಗಿಂತ ಶೇ. 60ಕ್ಕೂ ಹೆಚ್ಚು ವೇಗಕ್ಕೆ ಹೋದವು.

ಮೇಲೆ ಹೇಳಿದ ವರ್ಗದ ಲೆಕ್ಕವನ್ನು ಇಲ್ಲಿ ಹಾಕಿ ನೋಡಿ. ಶೇ. 60 ಎಂದರೆ ಎಳೆತ ಎರಡೂವರೆ ಪಟ್ಟು. ಕಾರ್ಖಾನೆಯ ಪರೀಕ್ಷೆ ಎರಡು ಪಟ್ಟಿಗೇ ಮುಗಿದಿತ್ತು. ಗಾಳಿಯ ಬಲ ಗೇರ್‌ಬಾಕ್ಸ್ ಮೂಲಕ ಎಂಜಿನ್ ಒಳಕ್ಕೂ ನುಗ್ಗಿತು. ಎರಡೂ ಎಂಜಿನ್‌ಗಳಿಂದ ಮತ್ತೆ ಉಪಯೋಗವಾಗಲಿಲ್ಲ. ಕೆಲವೇ ನಿಮಿಷಗಳಲ್ಲಿ ವಿಮಾನ ಕಾಡಿನಂಚಿಗೆ ಬಿದ್ದು ಹೊತ್ತಿಕೊಂಡಿತು. 28 ಜನ ಸತ್ತರು. ಬದುಕಿದ್ದು ಇಬ್ಬರು ಪೈಲಟ್‌ಗಳು, ಒಬ್ಬ ಪರಿಚಾರಕಿ, ಒಬ್ಬ ಪ್ರಯಾಣಿಕ.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಸಂಗತಿ. ಆಕಾಶದಲ್ಲಿರುವಾಗ ಲಿವರ್ ಬೀಟಾಕ್ಕೆ ಹೋದರೂ ಅಲಗು ಅದನ್ನು ಪಾಲಿಸದಂತೆ ತಡೆಯುವ ಬೀಗವೊಂದು ಆ ಹೊತ್ತಿಗೆ ಸಿದ್ಧವಿತ್ತು. ಅಮೆರಿಕದಲ್ಲಿ ಡ್ಯಾಶ್ 8 ವಿಮಾನಗಳಿಗೆ ಅದು ಕಡ್ಡಾಯವಾಗಿತ್ತು. ಪಪುವಾ ನ್ಯೂಗಿನಿಯಲ್ಲಿ ಕಡ್ಡಾಯವಾಗಿರಲಿಲ್ಲ, ಆ ವಿಮಾನದಲ್ಲಿ ಇರಲೂ ಇಲ್ಲ. ಈ ಅಪಘಾತದ ಬಳಿಕ ವಿಮಾನ ತಯಾರಾದ ಕೆನಡಾದ ಅಧಿಕಾರಿಗಳು ಎಲ್ಲ ಕಡೆಯ ಅಂಥ ವಿಮಾನಗಳಿಗೂ ಅದನ್ನು ಕೂರಿಸಬೇಕೆಂದರು. ಒಂದು ದೇಶದ ಪ್ರಯಾಣಿಕನ ಪ್ರಾಣಕ್ಕೆ ಬೀಗ ಬೇಕು, ಇನ್ನೊಂದು ದೇಶದವನಿಗೆ ಬೇಕಾದರೆ ಹಾಕಿಕೊಳ್ಳಲಿ ಎಂಬ ವ್ಯವಸ್ಥೆ ನನಗೆ ಅನ್ಯಾಯವಾಗಿ ಕಾಣುತ್ತದೆ.

ಇದು ಒಂದೇ ಸಲ ಆದದ್ದೂ ಅಲ್ಲ. 2002ರ ನವೆಂಬರ್ 6ರಂದು ಲಕ್ಸೆಂಬರ್ಗ್‌ನಲ್ಲಿ ಇಳಿಯಲಿದ್ದ ಫೋಕರ್ 50 ವಿಮಾನದ ಲಿವರ್‌ಗಳು ಆಕಾಶದಲ್ಲೇ ಇಂಥದೇ ನೆಲದ ವಲಯಕ್ಕೆ ಹೋದವು, 22 ಜನರಲ್ಲಿ 20 ಜನ ಸತ್ತರು. 2004ರ ಫೆಬ್ರುವರಿ 10ರಂದು ಇರಾನಿನ ಕಿಶ್ ದ್ವೀಪದಿಂದ ಶಾರ್ಜಾಕ್ಕೆ ಬಂದ ಇನ್ನೊಂದು ಫೋಕರ್ 50 ಅದೇ ರೀತಿ ಬಿತ್ತು, 46ರಲ್ಲಿ 43 ಜನ ಸತ್ತರು. ಆಗಿನ ಕಾಲದಲ್ಲಿ ದುಬೈ, ಶಾರ್ಜಾದಲ್ಲಿ ದುಡಿಯುತ್ತಿದ್ದವರಿಗೆ ಕಿಶ್ ಎಂದರೆ ಗೊತ್ತಿತ್ತು. ವೀಸಾ ಬದಲಿಸಿಕೊಳ್ಳಲು ಅಲ್ಲಿಗೆ ಹೋಗಿ ಕಾದು ಬರುವುದು ಕರಾವಳಿಯ ಎಷ್ಟೋ ಮನೆಗಳ ಹುಡುಗರಿಗೂ ಪರಿಚಿತ ದಾರಿ. ಸತ್ತವರಲ್ಲಿ ಭಾರತೀಯರೂ ಇದ್ದರು. ಲಕ್ಸೆಂಬರ್ಗ್ ತನಿಖೆಯಲ್ಲಿ ಗೊತ್ತಾದ ಸಂಗತಿ ಇದು: ಚಕ್ರ ಕೆಳಗಿಳಿಸಿದಾಗ ಎರಡನೇ ತಡೆಯೊಂದು ಕ್ಷಣಕಾಲ ತಾನಾಗಿ ತೆರೆದುಕೊಳ್ಳಬಹುದೆಂದು ತಯಾರಕರಿಗೆ ಹತ್ತು ವರ್ಷ ಮೊದಲೇ ತಿಳಿದಿತ್ತು, ಪರಿಹಾರವನ್ನೂ ಸೂಚಿಸಿದ್ದರು, ಆದರೆ ಅದು ಕಡ್ಡಾಯವಿರಲಿಲ್ಲ.

ನಾವು ಹತ್ತುವ ಎಟಿಆರ್‌ನಲ್ಲಿ ಈ ತಡೆ ಇದೆಯೇ ಎಂದು ನೀವು ಕೇಳಬಹುದು. ಇದೆ. ಚಕ್ರ ನೆಲ ಮುಟ್ಟಿ ಭಾರ ಬೀಳುವ ತನಕ ಲಿವರ್ ನೆಲದ ವಲಯಕ್ಕೆ ಹೋಗದಂತೆ ‘ಐಡಲ್ ಗೇಟ್’ ಎಂಬ ಬೀಗ ತಡೆಯುತ್ತದೆ. ಪ್ರೊಪೆಲ್ಲರ್ ಪಿಚ್ಚನ್ನು ಎಲೆಕ್ಟ್ರಾನಿಕ್ ವ್ಯವಸ್ಥೆ ನೋಡಿಕೊಳ್ಳುತ್ತದೆ. ಅದು ಸೋತರೆ ಹಿಡಿಯಲು ಪ್ರತ್ಯೇಕವಾದ ಓವರ್‌ಸ್ಪೀಡ್ ಗವರ್ನರ್ ಇದೆ. ಪ್ರೊಪೆಲ್ಲರ್ ವಿಮಾನ ಎಂದಕೂಡಲೇ ಹಳೆಯದು, ಅಪಾಯದ್ದು ಎಂದು ಹೆದರುವವರಿಗೆ ಇದನ್ನು ಹೇಳಬೇಕೆನಿಸುತ್ತದೆ. ಆ ಅಲಗುಗಳ ಹಿಂದೆ ಒಂದರ ಬೆನ್ನಿಗೊಂದು ಕಾವಲು ನಿಂತಿದೆ.

ಜೆಟ್ ವಿಮಾನಕ್ಕೆ ಪ್ರೊಪೆಲ್ಲರ್ ಇಲ್ಲ, ಹಾಗಾಗಿ ಈ ತಾಪತ್ರಯವಿಲ್ಲ ಎಂದುಕೊಳ್ಳುವಂತಿಲ್ಲ. ಜೆಟ್ ಎಂಜಿನ್‌ನಲ್ಲಿ ಬಿಸಿ ಅನಿಲ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಉದ್ದನೆಯ ಶಾಫ್ಟ್ ಮೂಲಕ ಮುಂದಿನ ಕಂಪ್ರೆಸರನ್ನು ತಿರುಗಿಸುತ್ತದೆ. ಕಂಪ್ರೆಸರ್ ಹೊರೆಯೇ ಟರ್ಬೈನನ್ನು ಹಿಡಿದಿಡುವ ಲಗಾಮು. ನಡುವಿನ ಕೊಂಡಿ ಕಡಿದರೆ? ಬಾವಿಯಲ್ಲಿ ತುಂಬಿದ ಕೊಡ ಸೇದುವಾಗ ಹಗ್ಗ ಕಡಿದರೆ ಜಗ್ಗುತ್ತಿದ್ದವರು ತಮ್ಮ ಬಲಕ್ಕೆ ತಾವೇ ಹಿಂದಕ್ಕೆ ಬೀಳುತ್ತಾರಲ್ಲ, ಟರ್ಬೈನ್ ಸ್ಥಿತಿಯೂ ಹಾಗೇ. ನೂಕುವ ಅನಿಲ ಅಷ್ಟೇ ಇದೆ, ಎಳೆಯುವ ಹೊರೆ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಚಕ್ರ ತನ್ನ ಮಿತಿ ದಾಟಿ ಸಿಡಿಯುತ್ತದೆ.

2010ರ ನವೆಂಬರ್ 4ರಂದು ಸಿಂಗಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ ಏರ್‌ಬಸ್ ಎ380ಯಲ್ಲಿ 469 ಜನರಿದ್ದರು. ಮೇಲೇರಿದ ನಾಲ್ಕೈದು ನಿಮಿಷಕ್ಕೆ ಎರಡನೇ ಎಂಜಿನ್ ಸಿಡಿಯಿತು. ಮೂಲ ಹುಡುಕಿದರೆ ಸಿಕ್ಕಿದ್ದು ಎಂಜಿನ್ ಒಳಗಿನ ಒಂದು ಚಿಕ್ಕ ಆಯಿಲ್ ಕೊಳವೆ. ತಯಾರಿಸುವಾಗ ಅದರ ರಂಧ್ರ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಕಡೆಯ ಗೋಡೆ ತೆಳುವಾಗಿತ್ತು. ದಿನ ಕಳೆದಂತೆ ಅಲ್ಲಿ ಬಿರುಕು ಬಿಟ್ಟು ಆಯಿಲ್ ಸೋರಿ ಬೆಂಕಿ ಹೊತ್ತಿತು. ಬೆಂಕಿಯ ಕಾವಿಗೆ ಟರ್ಬೈನ್ ಡಿಸ್ಕ್ ತನ್ನ ಶಾಫ್ಟಿನಿಂದ ಕಳಚಿಕೊಂಡು, ವೇಗ ಮಿತಿಮೀರಿ, ತುಂಡಾಗಿ ರೆಕ್ಕೆಯನ್ನು ಸೀಳಿ ಹೊರಟಿತು. ಡಿಸ್ಕಿನ ಇಂಥ ಚೂರನ್ನು ತಡೆಯುವ ಕವಚವನ್ನು ವಿಮಾನದ ಎಂಜಿನ್‌ಗೆ ಹೊದಿಸಲಾಗದು, ಅಷ್ಟು ತೂಕ ಹೊತ್ತು ಅದು ಹಾರಲಾರದು. ಅದಕ್ಕೇ ಡಿಸ್ಕ್ ಸಿಡಿಯಲೇಬಾರದು ಎಂಬುದು ಎಂಜಿನ್ ವಿನ್ಯಾಸದ ಮೊದಲ ನಿಯಮ. ಟರ್ಬೈನ್ ಮಿತಿಗಿಂತ ಶೇ. 20 ಹೆಚ್ಚು ವೇಗದಲ್ಲಿ ಐದು ನಿಮಿಷ ತಾಳಬೇಕೆಂಬ ಪರೀಕ್ಷೆ ಇರುವುದೂ ಅದಕ್ಕೇ. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಮತ್ತು ಜೊತೆಗಿದ್ದ ಪೈಲಟ್‌ಗಳು ಒಂದೊಂದೇ ವ್ಯವಸ್ಥೆಯನ್ನು ಪರೀಕ್ಷಿಸಿ, ಸುಮಾರು ಎರಡು ಗಂಟೆ ಸುತ್ತಾಡಿ ಸಿಂಗಪುರದಲ್ಲೇ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಇಳಿದ ಮೇಲೂ ಒಂದನೇ ಎಂಜಿನ್ ಆರಿಸಲಾಗದೆ ಅಗ್ನಿಶಾಮಕದವರು ಗಂಟೆಗಟ್ಟಲೆ ಅದರ ಮೇಲೆ ನೀರು ಹಾಯಿಸಬೇಕಾಯಿತು, ಅದನ್ನು ನಿಲ್ಲಿಸುವ ತಂತಿಗಳೂ ಆ ಚೂರಿಗೆ ಕಡಿದುಹೋಗಿದ್ದವು. ಆಮೇಲೆ ರೋಲ್ಸ್ ರಾಯ್ಸ್ ಕಂಪನಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ ಹೊಸ ಪಾಠ ಕಲಿಸಿತು. ಡಿಸ್ಕ್ ಓಡಿಹೋಗುವ ಲಕ್ಷಣ ಕಂಡರೆ ಮನುಷ್ಯನ ಅಪ್ಪಣೆಗೆ ಕಾಯದೆ ಅದು ಎಂಜಿನ್ ಆರಿಸುತ್ತದೆ.

1973ರ ನವೆಂಬರ್ 3ರಂದು ಅಮೆರಿಕದ ನ್ಯೂ ಮೆಕ್ಸಿಕೊ ಮೇಲೆ ಹಾರುತ್ತಿದ್ದ ಡಿಸಿ-10ರ ಘಟನೆ ಬೇರೆ ಬಗೆಯದು. ಆಟೊ ಥ್ರಾಟಲ್ ಹೇಗೆ ವರ್ತಿಸುತ್ತದೆ ನೋಡೋಣ ಎಂದು ಕಾಕ್‌ಪಿಟ್‌ನಲ್ಲಿದ್ದವರು ಎಂಜಿನ್ ವೇಗ ತೋರಿಸುವ ಉಪಕರಣದ ಸರ್ಕ್ಯೂಟ್ ಬ್ರೇಕರ್ ಎಳೆದು ಪ್ರಯೋಗಕ್ಕಿಳಿದಿದ್ದರು. ಮೂರನೇ ಎಂಜಿನ್‌ನ ಫ್ಯಾನ್ ಅಸಹಜ ವೇಗಕ್ಕೆ ಹೋಗಿ, ಕಂಪಿಸಿ, ಛಿದ್ರವಾಯಿತು. ಚೂರು ಬಡಿದು ಕಿಟಕಿ ಒಡೆಯಿತು, ಅಲ್ಲಿ ಕೂತಿದ್ದ ಪ್ರಯಾಣಿಕನನ್ನು ಗಾಳಿ ಹೊರಕ್ಕೆ ಸೆಳೆದುಕೊಂಡಿತು. ವೇಗ ಏರಿದ್ದಕ್ಕೆ ಖಚಿತ ಕಾರಣ ತನಿಖೆಯಲ್ಲೂ ಸಿಗಲಿಲ್ಲ. ಪ್ರಯಾಣಿಕರನ್ನು ಹೊತ್ತು ಹಾರುವಾಗ ಕುತೂಹಲಕ್ಕೆ ಬ್ರೇಕರ್ ಎಳೆಯುವ ಹಕ್ಕು ಯಾರಿಗೂ ಇಲ್ಲ ಎನ್ನಲು ಖಚಿತ ಕಾರಣ ಬೇಕಾಗಿಯೂ ಇಲ್ಲ.

ಈ ದೊಡ್ಡ ಅಪಘಾತಗಳು ಪತ್ರಿಕೆಯಲ್ಲಿ ಬರುತ್ತವೆ. ಪತ್ರಿಕೆಗೆ ಬರದ ಓವರ್‌ಸ್ಪೀಡ್‌ಗಳೇ ಹೆಚ್ಚು, ನನಗೆ ಆತಂಕ ಅವುಗಳ ಬಗ್ಗೆ. ಸೆಸ್ನಾದಂಥ ತರಬೇತಿ ವಿಮಾನದ ಅಲಗಿನ ಪಿಚ್ ಬದಲಾಗುವುದಿಲ್ಲ, ಗವರ್ನರ್ ಇಲ್ಲ. ಮೂಗು ಕೆಳಗೆ ಮಾಡಿ ವೇಗ ಏರಿದರೆ ಸುತ್ತೂ ಏರುತ್ತದೆ. ಹೊಸಬ ವಿದ್ಯಾರ್ಥಿ ಥ್ರಾಟಲ್ ಹಿಂದೆಳೆಯಲು ಮರೆತರೆ ಮುಳ್ಳು ಕೆಂಪು ಗೆರೆ ದಾಟುತ್ತದೆ. ಕೆಲವೇ ಸೆಕೆಂಡು. ಏನೂ ಮುರಿಯುವುದಿಲ್ಲ, ವಿಮಾನ ಚೆನ್ನಾಗಿಯೇ ಇಳಿಯುತ್ತದೆ. ಆದರೆ ಅಲಗಿನ ಅಂಚಿನಲ್ಲಿ ರನ್‌ವೇ ಕಲ್ಲು ಬಡಿದು ಆದ ಸಾಸಿವೆ ಕಾಳಿನಷ್ಟು ಗಾಯವೊಂದಿದ್ದರೆ, ಅಲ್ಲಿ ಅವತ್ತು ಕಣ್ಣಿಗೆ ಕಾಣದ ಬಿರುಕು ಶುರುವಾಗಿರಬಹುದು. ಅದು ಮುಂದೆ ಇನ್ನೊಬ್ಬರ ಹಾರಾಟದಲ್ಲಿ ಬಾಯಿ ಬಿಡುತ್ತದೆ. ಅಲಗಿನ ತುದಿಯ ಒಂದು ತುಂಡು ಹಾರಿಹೋದರೆ ಉಳಿದ ಅಲಗಿನ ಅಸಮತೋಲನ ಎಂಜಿನನ್ನೇ ಅದರ ಚೌಕಟ್ಟಿನಿಂದ ಕಿತ್ತುಹಾಕಬಲ್ಲದು. ಅಲಗಿನ ಅಂಚಿಗೆ ಬೆರಳಾಡಿಸಿ ಸಣ್ಣ ಗಾಯವನ್ನೂ ಹುಡುಕಿ ಅರದಿಂದ ನಯ ಮಾಡುವ ಕೆಲಸ ನನಗೆ ಕಲಿಸಿದ ಹಿರಿಯರು, “ನೋಡಪ್ಪ, ಇದು ಎಷ್ಟು ಜೋರಾಗಿ ತಿರುಗಿತ್ತು ಅಂತ ಲೋಹ ಹೇಳಲ್ಲ. ಹಾರಿಸಿದವರು ಹೇಳಬೇಕು” ಎನ್ನುತ್ತಿದ್ದರು.

ಹಾರಿಸಿದವರು ಹೇಳುತ್ತಾರೆಯೇ ಎಂಬುದು ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರ ಮೇಲೆ ನಿಂತಿದೆ. ತರಬೇತಿಗೆ ಲಕ್ಷಗಟ್ಟಲೆ ಸಾಲ ಮಾಡಿಕೊಂಡು ಬಂದ ಹುಡುಗ, ಹುಡುಗಿಯರು ಅವರು. ವಿಮಾನ ಪರೀಕ್ಷೆಗೆ ನಿಂತರೆ ಸಹಪಾಠಿಗಳ ಸರದಿ ತಪ್ಪುತ್ತದೆ, ಶಾಲೆಗೆ ಖರ್ಚು ಬೀಳುತ್ತದೆ, ಬೈಗುಳ ತನಗೆ ಬರುತ್ತದೆ ಎಂಬ ಅಂಜಿಕೆ ಸಹಜ. ಆ ಅಂಜಿಕೆ ತೆಗೆಯುವ ಕೆಲಸ ಶಾಲೆಗಳದು. ಒಪ್ಪಿಕೊಂಡ ವಿದ್ಯಾರ್ಥಿಗೆ ದಂಡ ಹಾಕುವ ಶಾಲೆ ಮುಂದಿನ ವಿದ್ಯಾರ್ಥಿಯ ಬಾಯಿ ಮುಚ್ಚಿಸುತ್ತದೆ. ಕಲಬುರಗಿ, ಬೆಳಗಾವಿಯಂಥ ಊರುಗಳಲ್ಲಿ ಹೊಸ ತರಬೇತಿ ಕೇಂದ್ರಗಳು ಬರುತ್ತಿರುವ ಈ ಕಾಲದಲ್ಲಿ, ಸೇರಿಸುವ ಮುನ್ನ ತಂದೆತಾಯಿಗಳು ಶುಲ್ಕದ ಜೊತೆ ಇನ್ನೊಂದು ಪ್ರಶ್ನೆ ಕೇಳಬೇಕು: ತಪ್ಪು ನಡೆದಾಗ ಬಂದು ಹೇಳಿದ ವಿದ್ಯಾರ್ಥಿಯನ್ನು ನೀವು ಏನು ಮಾಡುತ್ತೀರಿ?

ಇನ್ನು ಕಾಕ್‌ಪಿಟ್‌ನಲ್ಲಿ ಕೂರುವ ಮಕ್ಕಳಿಗೆ ನನ್ನ ಕೋರಿಕೆ ಇಷ್ಟು. ಮುಳ್ಳು ಕೆಂಪು ಗೆರೆ ದಾಟಿದ್ದನ್ನು ಕಂಡರೆ, ಎಷ್ಟರ ತನಕ ಹೋಯಿತು, ಎಷ್ಟು ಸೆಕೆಂಡು ನಿಂತಿತು ಎಂದು ಅವತ್ತೇ, ಆ ವಿಮಾನ ಮತ್ತೆ ಮೇಲೇಳುವ ಮೊದಲು, ಲಾಗ್‌ಬುಕ್ಕಿನಲ್ಲಿ ಬರೆದು ನಿಮ್ಮ ಎಂಜಿನಿಯರ್‌ಗೆ ತೋರಿಸಿ.